ಹಗೇವಿನ ಬಾಯಿಯ ಕಂಬಳಿ

ಆ ದೊಡ್ಡ ಯುದ್ಧದ ಮಾತು ಬಂದರೆ ನಮ್ಮ ಕಡೆಯ ಹಿರಿಯರು ಸೀಮೆಎಣ್ಣೆ ಸಿಗದ ಕಥೆ ಹೇಳುತ್ತಾರೆ, ಇದ್ದಿಲಿನ ಹೊಗೆ ಕಾರುತ್ತ ಓಡುತ್ತಿದ್ದ ಬಸ್ಸಿನ ಕಥೆ ಹೇಳುತ್ತಾರೆ. ನಾನೂ ಹೇಳಬಲ್ಲೆ. ಆದರೆ ನಾನು ಎಲ್ಲಿಂದ ಶುರು ಮಾಡಿದರೂ ಮಾತು ಹೋಗಿ ನಿಲ್ಲುವುದು ಒಂದು ಹಗೇವಿನ ಮುಂದೆಯೇ. ನಮ್ಮ ಮನೆಯಿಂದ ಯಾರೂ ಬಂದೂಕು ಹಿಡಿದು ಹೋಗಲಿಲ್ಲ. ನಮ್ಮೂರ ಮೇಲೆ ಒಂದು ವಿಮಾನವೂ ಹಾರಲಿಲ್ಲ. ಆದರೂ ನಮ್ಮವ್ವ ಆ ಯುದ್ಧದಲ್ಲಿ ತನ್ನ ತವರನ್ನು ಕಳೆದುಕೊಂಡಳು. ಅದನ್ನು ಕಿತ್ತುಕೊಂಡವನನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ಇಷ್ಟು ವರ್ಷವಾದ ಮೇಲೂ ಆ ಮನುಷ್ಯನನ್ನು ನೆನೆದರೆ ನನ್ನ ಮೈ ಉರಿಯುತ್ತದೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುವವರು ನನ್ನನ್ನು ಬಂದು ನೋಡಲಿ.

ನಮ್ಮೂರು ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆ. ಮಳೆಗಾಲದಲ್ಲಿ ಅಪ್ಪ ಮಗ್ಗದ ಗುಂಡಿಗೆ ಇಳಿದು ಕಂಬಳಿ ನೇಯುತ್ತಿದ್ದ. ಅಜ್ಜಿ, ಅಂದರೆ ಅಪ್ಪನ ತಾಯಿ, ಮತ್ತು ಅವ್ವ ಉಣ್ಣೆ ನೂಲುತ್ತಿದ್ದರು. ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮ ಕಡೆ ಕುರಿಗಳಿಗೆ ಮೇವು ತೀರಿರುತ್ತಿತ್ತು. ಚನ್ನಗಿರಿ, ಹೊನ್ನಾಳಿ ಕಡೆ ಅದೇ ಹೊತ್ತಿಗೆ ಗದ್ದೆ ಹೊಲಗಳೆಲ್ಲ ಕೊಯ್ಲಾಗಿ ಬಯಲಾಗಿರುತ್ತಿದ್ದವು. ಅಪ್ಪ, ಅವ್ವ, ನಾನು ತಟ್ಟುಕುದುರೆಯ ಮೇಲೆ ಪಾತ್ರೆ ಪಡಗ ಹೇರಿ, ಕುರಿ ಹೊಡೆದುಕೊಂಡು ಹೊರಡುತ್ತಿದ್ದೆವು. ಅಜ್ಜಿ ಮನೆ ಕಾಯಲು ಉಳಿಯುತ್ತಿದ್ದಳು. ರೈತರ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುವುದು ನಮ್ಮ ಕಸುಬು. ಕುರಿ ಮಲಗಿ ಎದ್ದ ನೆಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ. ಅದಕ್ಕೆ ಪ್ರತಿಯಾಗಿ ಹೊಲದವರು ರಾಗಿಯನ್ನೋ ಭತ್ತವನ್ನೋ ಅಳೆದು ಕೊಡುತ್ತಿದ್ದರು. ಮೊದಲು ಬಸವಾಪಟ್ಟಣದ ಸುತ್ತಮುತ್ತ, ಆಮೇಲೆ ಹೊಳೆ ದಾಟಿ ಹೊನ್ನಾಳಿ, ನ್ಯಾಮತಿ ಕಡೆ, ಯುಗಾದಿ ಹತ್ತಿರ ಬಂದಂತೆ ಅದೇ ದಾರಿಯಲ್ಲಿ ವಾಪಸು. ನನ್ನ ಬಾಲ್ಯದ ಅರ್ಧ ಕಳೆದದ್ದು ಈ ದಾರಿಯಲ್ಲೇ.

ಬಸವಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಮಾವನ ಮನೆ. ಅವನು ನಮ್ಮ ಜಾತಿಯವನಲ್ಲ, ನೆಂಟನೂ ಅಲ್ಲ. ನೀರಾವರಿ ಗದ್ದೆ, ರಾಗಿ ಹೊಲ ಎಲ್ಲ ಇದ್ದ ಗಟ್ಟಿ ಕುಳ. ಅವ್ವ ಮದುವೆಯಾಗಿ ಮೊದಲ ಸಲ ಕುರಿಯ ಹಿಂದೆ ಬಂದ ವರ್ಷ ಅವನ ಹೊಲದಲ್ಲೇ ಜ್ವರ ಬಂದು ಮಲಗಿದ್ದಳಂತೆ. ಮಾವನ ತಾಯಿ ಅವಳನ್ನು ಮನೆಗೆ ಕರೆಸಿಕೊಂಡು, ಜಗಲಿಯ ಮೇಲೆ ಮಲಗಿಸಿ, ಗಂಜಿ ಕುಡಿಸಿ ಉಳಿಸಿದಳು. ಅವ್ವನ ಅಪ್ಪ ಅಮ್ಮ ಇಬ್ಬರೂ ಅವಳು ಕೂಸಾಗಿದ್ದಾಗಲೇ ಹೋಗಿದ್ದರು, ಒಡಹುಟ್ಟಿದವರು ಯಾರೂ ಇರಲಿಲ್ಲ. ಅದನ್ನು ಕೇಳಿ ಆ ಮುದುಕಿ, “ತವರಿಲ್ಲ ಅಂತ ಯಾಕೆ ಅಳ್ತೀಯೇ? ಇದೇ ನಿನ್ನ ತವರು ಅನ್ಕೋ” ಅಂದಳಂತೆ. ಆಮೇಲೆ ಆಕೆ ತೀರಿಕೊಂಡಳು. ಮಗ ಆ ಮಾತು ನಡೆಸಿಕೊಂಡು ಬಂದ. ಅವ್ವನನ್ನು ‘ತಂಗ್ಯವ್ವ’ ಎಂದು ಕರೆಯುತ್ತಿದ್ದ. ಅಪ್ಪನನ್ನು ‘ಏನ್ ಭಾವ’ ಅನ್ನುತ್ತಿದ್ದ. ಅಪ್ಪ ಮಾತ್ರ ಕೊನೆಯವರೆಗೂ ಅವನನ್ನು ‘ಗೌಡ್ರೆ’ ಎಂದೇ ಕರೆದ. ಅಪ್ಪನಿಗೆ ಸಲಿಗೆ ಬರುತ್ತಿರಲಿಲ್ಲ.

ಪ್ರತಿ ವರ್ಷ ನಾವು ನ್ಯಾಮತಿಯಿಂದ ಹಿಂದಿರುಗುವಾಗ ಮಾವನ ಹೆಂಡತಿ, ನನ್ನ ಅತ್ತೆ, ಅವ್ವನನ್ನು ಒಳಗೆ ಕರೆದು ಮಣೆ ಹಾಕಿ ಕೂರಿಸಿ ಉಡಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಅವ್ವ ಸೆರಗು ಒಡ್ಡಿ ಎಲ್ಲ ತುಂಬಿಸಿಕೊಂಡು ಎದ್ದು, ಹೊಸ್ತಿಲು ದಾಟುವ ಮುಂಚೆ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಅತ್ತೆಯ ಮೊರಕ್ಕೆ ಹಾಕಿ, “ತವರು ತುಂಬಿರ್ಲಿ” ಅನ್ನುತ್ತಿದ್ದಳು. ಮಗಳಾದವಳು ತವರಿನ ಅಕ್ಕಿಯನ್ನೆಲ್ಲ ಬಾಚಿಕೊಂಡು ಹೋಗಬಾರದು, ಒಂದು ಹಿಡಿ ಬಿಟ್ಟು ಹೋಗಬೇಕು. ಅದು ಪದ್ಧತಿ. ಆ ಒಂದು ಹಿಡಿ ಹಾಕುವಾಗ ಅವ್ವನ ಮುಖ ನೋಡಬೇಕಿತ್ತು. ನನ್ನ ಮದುವೆಯಲ್ಲೂ ಅವಳು ಅಷ್ಟು ಚೆನ್ನಾಗಿ ಕಾಣಲಿಲ್ಲ.

ಊರಿಗೆ ಬಂದು ಅವ್ವ ಆ ಕಣ ಬಿಚ್ಚಿ ತೋರಿಸಿದರೆ ಅಜ್ಜಿ ಮೂಗು ಮುರಿಯುತ್ತಿದ್ದಳು. “ಕುರಿ ಹಿಕ್ಕೆಗೆ ಸಿಕ್ಕಿದ ತವರು ಕಣೇ ನಿಂದು. ಹಿಕ್ಕೆ ನಿಂತ್ರೆ ತವರೂ ನಿಲ್ತೈತೆ.”

“ನಿಮಗೆ ಹೊಟ್ಟೆಕಿಚ್ಚು ಕಣತ್ತೆ. ನಿಮ್ಮ ತವರಿನೋರು ನಿಮಗೆ ಯಾವ ಕಾಲದಾಗೆ ಕಣ ಕೊಟ್ಟಿದ್ರು?” ಅನ್ನುತ್ತಿದ್ದಳು ಅವ್ವ. ಅತ್ತೆ ಸೊಸೆ ಹೀಗೆ ಕಚ್ಚಾಡಿಕೊಂಡೇ ಒಂದೇ ಬುಟ್ಟಿಯ ಉಣ್ಣೆ ನೂಲುತ್ತಿದ್ದರು.

ಯುದ್ಧ ಶುರುವಾದ ಸುದ್ದಿಯನ್ನು ಅಪ್ಪ ಜಗಳೂರು ಸಂತೆಯಿಂದ ತಂದ. ಕಂಬಳಿ ಸಾಹುಕಾರ ಯಾವತ್ತೂ ಇಲ್ಲದ ಹಾಗೆ ಅಪ್ಪನನ್ನು ಕೂರಿಸಿ ಎಲೆ ಅಡಿಕೆ ಕೊಟ್ಟು, ಎಷ್ಟು ಕಂಬಳಿ ನೇಯ್ದರೂ ತಾ, ಮಿಲಿಟರಿಗೆ ಬೇಕು ಅಂದನಂತೆ. ನಮ್ಮ ಪಾಲಿಗೆ ಯುದ್ಧ ಬಂದದ್ದು ಹೀಗೆ, ಎಲೆ ಅಡಿಕೆಯ ಜೊತೆ. ಅಪ್ಪ ಲಾಳಿ ಎಸೆಯುತ್ತ, “ನಾ ನೇಯ್ದಿದ್ದು ಯಾವ ದೇಶದಾಗೆ ಯಾರು ಹೊದ್ಕಂತಾರೋ” ಎಂದು ನಗುತ್ತಿದ್ದ. ಅಜ್ಜಿ, “ಹೊದ್ದು ಮಲಗಿದೋರು ಏಳ್ತಾರೋ ಇಲ್ವೋ” ಅಂದಳು. ಅವಳ ಬಾಯಲ್ಲಿ ಒಳ್ಳೆಯ ಮಾತು ಬರುವುದು ಅಪರೂಪ.

ಆ ಸಲದ ಸುಗ್ಗಿಯಲ್ಲಿ ಮಾವನ ಹೊಲಕ್ಕೆ ಹೋದಾಗ ಯುದ್ಧ ನನ್ನ ಕಣ್ಣಿಗೆ ಕಂಡಿತು. ಮಾವ ಓದಿದವನು. ಚನ್ನಗಿರಿಯಿಂದ ಬಸ್ಸಿನಲ್ಲಿ ಬರುವ ಪೇಪರು ತರಿಸುತ್ತಿದ್ದ. ಸಂಜೆ ನಾವು ಒಲೆ ಹೂಡುವ ಹೊತ್ತಿಗೆ ಪೇಪರು ಹಿಡಿದು ಕಣಕ್ಕೆ ಬಂದು, ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು ದೇಶಗಳನ್ನು ಬರೆಯುತ್ತಿದ್ದ. ಜರ್ಮನಿಯ ಸೈನ್ಯಕ್ಕೆ ಕುರಿ ಹಿಕ್ಕೆ, ಇಂಗ್ಲಿಷರ ಸೈನ್ಯಕ್ಕೆ ಹುಣಸೆ ಬೀಜ. ಎರಡಕ್ಕೂ ನಮ್ಮಲ್ಲಿ ಬರವಿರಲಿಲ್ಲ. ಹಿಕ್ಕೆ ಮುಂದಕ್ಕೆ ಸರಿಸುವ ಕೆಲಸ ಅವನದು, ಬೀಜ ಹಿಂದಕ್ಕೆ ಸರಿಸುವ ಕೆಲಸ ನನ್ನದು. “ಇನ್ನೊಂದು ಚೂರು ಹಿಂದಕ್ಕೆ ತಗಿಯೇ, ಇಂಗ್ಲಿಷರು ಅಲ್ಲಿ ನಿಲ್ಲಾಕೆ ಆಗ್ಲಿಲ್ಲ” ಅನ್ನುತ್ತಿದ್ದ. ಬೆಳಗಾಗುವ ಹೊತ್ತಿಗೆ ಕುರಿಗಳು ಫ್ರಾನ್ಸನ್ನೂ ಜರ್ಮನಿಯನ್ನೂ ತುಳಿದು ಒಂದು ಮಾಡಿರುತ್ತಿದ್ದವು. ಮಾವ ಬೇಸರಪಡದೆ ಮತ್ತೆ ಬರೆಯುತ್ತಿದ್ದ. ನನಗೆ ಅವನ ಮೇಲೆ ಪ್ರಾಣ. ಅಪ್ಪ ಮಾತೇ ಆಡದ ಮನುಷ್ಯ. ಮಾವ ಜಗತ್ತನ್ನೇ ತಂದು ನನ್ನ ಕಾಲ ಬುಡದಲ್ಲಿ ಹರಡುತ್ತಿದ್ದ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಎರಡು ವರ್ಷ ಹೀಗೇ ಆಟವಾಡಿಕೊಂಡು ಕಳೆಯಿತು. ಆಮೇಲೆ ಜಪಾನಿನವರು ಬಂದರು. ಅವರಿಗೆ ಮಾವ ಜೋಳದ ಕಾಳು ಇಟ್ಟ. ಜೋಳ ಒಂದೇ ಸಮನೆ ಮುಂದೆ ಬಂದು ಬರ್ಮಾ ಎಂಬ ಗೆರೆಯನ್ನು ನುಂಗಿತು. ಮುಂದೆ ನಾನು ನಾಲ್ಕಕ್ಷರ ಕಲಿತು ಶಾಲೆಯ ಭೂಪಟದಲ್ಲಿ ಬರ್ಮಾವನ್ನು ಹುಡುಕಿ ನೋಡಿದ್ದೇನೆ. ಅಷ್ಟು ದೂರದ ದೇಶ ಬಿದ್ದರೆ ನಮ್ಮ ಒಲೆಗೇನು ಎಂದು ಆಗ ಅನ್ನಿಸಿತ್ತು. ಆದರೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತಂತೆ. ಸೀಮೆಎಣ್ಣೆ ಸಿಗದೆ ಊರೂರು ಸಂಜೆಗೇ ಮಲಗತೊಡಗಿದವು. ಹೊನ್ನಾಳಿಗೆ ಹೋಗುವ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು. ಏರು ಬಂದರೆ ಜನ ಇಳಿದು ನೂಕಬೇಕಿತ್ತು. ಒಂದು ಸಲ ನಮ್ಮ ಕುರಿಗಳೇ ಬಸ್ಸನ್ನು ಹಿಂದೆ ಹಾಕಿ ಹೋದವು. ನ್ಯಾಮತಿ ಸಂತೆಯಲ್ಲಿ ಕಾಳಿನ ಸಾಲು ಖಾಲಿ, ಸುಮ್ಮನೆ ನಿಂತು ಮಾತಾಡುವ ಜನರೇ ಹೆಚ್ಚು.

ಅದರ ಹಿಂದೆಯೇ ಲೆವಿ ಬಂತು. ಬೆಳೆದವರು ತಮ್ಮ ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಕಾಳನ್ನು ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಕೊಡಬೇಕು. ಕಾಳು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋಗಕೂಡದು. ಆ ವರ್ಷ ನಾವು ಊರ ಕಡೆ ಹೊರಟಾಗ ಚನ್ನಗಿರಿ ತಾಲ್ಲೂಕು ದಾಟುವಲ್ಲಿ, ಆಗ ಜಿಲ್ಲೆಯ ಗಡಿ ಅದು, ದಾರಿಗೆ ಅಡ್ಡ ಒಂದು ಬಿದಿರು ಕಟ್ಟಿದ್ದರು. ಕಾವಲಿನವರು ತಟ್ಟಿನ ಮೇಲಿದ್ದ ರಾಗಿ ಚೀಲ ಇಳಿಸಿಕೊಂಡರು. ಇದು ಕುರಿ ನಿಲ್ಲಿಸಿದ್ದಕ್ಕೆ ಸಿಕ್ಕ ಕೂಲಿ, ಮನೆಯಲ್ಲಿ ಮುದುಕಿ ಇದ್ದಾಳೆ ಎಂದು ಅವ್ವ ಎಷ್ಟು ಗೋಗರೆದರೂ ಬಿಡಲಿಲ್ಲ. “ರಹದಾರಿ ಚೀಟಿ ತಗಂಬಾರಮ್ಮ, ಬಿಡ್ತೀವಿ” ಅಂದರು. ಕುರಿಯವರಿಗೆ ಚೀಟಿ ಕೊಡುವವರು ಯಾರು? ಬರಿಗೈಲಿ ಮನೆ ಸೇರಿದೆವು. ನಮ್ಮ ಹೊಲದ ನವಣೆ, ಜೋಳ ಆ ವರ್ಷ ಹೇಗೋ ಹೊಟ್ಟೆ ತುಂಬಿಸಿತು.

ಮುಂದಿನ ಸಲ ಹೋದಾಗ ಅವ್ವ ಮಾವನ ಮುಂದೆ ಈ ಗೋಳು ಹೇಳಿಕೊಂಡಳು. ಮಾವ ತಲೆ ಕೆರೆದುಕೊಂಡು, “ಅಲ್ಲಾ ತಂಗ್ಯವ್ವ, ನಾ ಇಲ್ಲಿ ಸತ್ತು ಹೋಗಿದ್ನಾ? ನಿಮ್ಮ ಕಾಳು ನನ್ನ ಹಗೇವಿನಾಗೆ ಇರ್ಲಿ. ಯುದ್ಧ ಮುಗೀಲಿ, ಇಲ್ಲಾ ಚೀಟಿ ಸಿಗ್ಲಿ, ಬಂದು ತಗಂಡು ಹೋಗ್ರಿ” ಅಂದ.

ಹಗೇವು ಅಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಕೊಟ್ಟು ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಾವನ ಮನೆಯ ಮುಂದೆ ಅಂಥವು ಮೂರಿದ್ದವು. ಕೊನೆಯದನ್ನು ನಮಗೆ ಬಿಟ್ಟುಕೊಟ್ಟ. ಅವನ ಹೊಲದ್ದು, ಸುತ್ತಲಿನ ಬೇರೆಯವರ ಹೊಲದ್ದು, ಕತ್ತಲಗೆರೆ ಕಡೆ ಮಂದೆ ನಿಲ್ಲಿಸಿ ಗಳಿಸಿದ್ದು, ಎಲ್ಲ ರಾಗಿಯನ್ನೂ ತಂದು ಅದಕ್ಕೆ ಸುರಿದೆವು. ತುಂಬಿದ ಮೇಲೆ ಅಪ್ಪ ತನ್ನ ಹಳೆಯ ಕಂಬಳಿಯನ್ನು ಮಡಚಿ ಕಾಳಿನ ಮೇಲೆ ಹಾಸಿದ. ನಮ್ಮಲ್ಲಿ ಕಂಬಳಿ ಹಾಸಿದ ಜಾಗವೆಂದರೆ ಗದ್ದುಗೆ. ಮದುವೆಯಾಗಲಿ, ನ್ಯಾಯವಾಗಲಿ, ಕಂಬಳಿಯ ಮೇಲೆ ಆಡಿದ ಮಾತಿಗೆ ಎರಡಿಲ್ಲ. ಅದು ಮಾವನಿಗೂ ಗೊತ್ತಿತ್ತು. ಅವನು ಮಂಡಿಯೂರಿ ಕೂತು, ಹಗೇವಿನ ಬಾಯಿಗೆ ಕೈ ಇಳಿಸಿ, ಕಂಬಳಿ ಮುಟ್ಟಿದ. “ನನ್ನ ಕಾಳು ಹೋದ್ರೆ ಹೋದೀತು ತಂಗ್ಯವ್ವ, ನಿಂದು ಹೋಗಾಕಿಲ್ಲ.” ಅದನ್ನು ಅವನಿಂದ ಯಾರೂ ಕೇಳಿರಲಿಲ್ಲ. ತಾನಾಗಿಯೇ ಅಂದ. ಅವ್ವನ ಕಣ್ಣಲ್ಲಿ ನೀರು ಬಂತು.

ಚೀಟಿ ತಂದರೂ ತರದಿದ್ದರೂ ಆ ಕಂಬಳಿಯ ಕೆಳಗೆ ನಮ್ಮ ಕಾಳಿದೆ ಎಂಬ ಧೈರ್ಯ ನಮಗೆ. ಮರುವರ್ಷದ್ದೂ ಅದಕ್ಕೇ ಸೇರಿತು. ಅಜ್ಜಿಯ ಹಂಗಿಸುವ ಮಾತಿಗೂ ಹೊಸ ಸರಕು ಸಿಕ್ಕಿತು. “ಎಲ್ಲರ ತವರು ನೆಲದ ಮೇಲಿದ್ರೆ ನಿಂದು ನೆಲದೊಳಗೆ ಐತಲ್ಲೇ” ಅನ್ನುತ್ತಿದ್ದಳು. ಅವ್ವ ಹೆಮ್ಮೆಯಿಂದ, “ಐತೆ. ತುಂಬಿಕೊಂಡು ಐತೆ” ಅನ್ನುತ್ತಿದ್ದಳು.

ಅದರ ಮುಂದಿನ ಮಳೆಗಾಲ ನಮ್ಮ ಕಡೆ ಕಷ್ಟಕ್ಕೆ ಬಂತು. ಮಳೆ ಹಿಂದೆ ಬಿತ್ತು, ಇದ್ದ ಜೋಳಕ್ಕೂ ಲೆವಿಯವರು ಬಂದರು. ಜಗಳೂರಿನ ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದ ನುಚ್ಚು ಮುಗ್ಗಲು ನಾತ. ಅದನ್ನು ತಿಂದು ಅಜ್ಜಿಗೆ ಹೊಟ್ಟೆ ಕೆಟ್ಟಿತು. ಹಲ್ಲಿಲ್ಲದ ಬಾಯಿ, ಜೋಳದ ರೊಟ್ಟಿ ಆಗದು, ಹುರುಳಿ ಅರಗದು. ರಾಗಿ ಗಂಜಿಯೋ ಮೆತ್ತಗಿನ ಮುದ್ದೆಯೋ ಆದರೆ ಇಳಿಯುತ್ತಿತ್ತು. ದಿನದಿನಕ್ಕೆ ಅವಳು ಕುಗ್ಗುವುದು ಕಣ್ಣಿಗೆ ಕಾಣುತ್ತಿತ್ತು. ಈಗ ಅವಳೇ ಕೇಳತೊಡಗಿದಳು, “ನಿನ್ನ ತವರಿನ ರಾಗಿ ಯಾವಾಗ ತರ್ತೀಯೇ?” ಹಂಗಿಸುವ ದನಿ ಅಲ್ಲ ಅದು. ಅಪ್ಪ ಕಚೇರಿಗೆ ಅಲೆದು ಅಲೆದು, ಒಬ್ಬ ಗುಮಾಸ್ತನಿಗೆ ಒಳ್ಳೆಯ ಕಂಬಳಿಯೊಂದನ್ನು ಹೊದಿಸಿ ಬಂದು, ಕೊನೆಗೂ ರಹದಾರಿ ಚೀಟಿ ಸಂಪಾದಿಸಿದ. ಅಜ್ಜಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬಾಡಿಗೆ ಗಾಡಿ ಕಟ್ಟಿಕೊಂಡು ಮೂವರೂ ಹೊರಟೆವು. ಗಾಡಿಯಲ್ಲಿ ಅವ್ವ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು, ಇಷ್ಟು ಅಜ್ಜಿಯ ಗಂಜಿಗೆ, ಇಷ್ಟು ಬಿತ್ತನೆಗೆ, ಇಷ್ಟು ಪಕ್ಕದ ಮನೆಯವರಿಗೆ ಕೈಗಡ.

ಗಾಡಿ ಕಂಡ ತಕ್ಷಣ ಮಾವ ಜಗಲಿ ಇಳಿದು ಬಂದ. ಅವ್ವನ ಎರಡೂ ಕೈ ಹಿಡಿದುಕೊಂಡ. “ಹೋಯ್ತು ತಂಗ್ಯವ್ವ. ಲೆವಿಯವರು ಬಂದು ಬಳಕೊಂಡು ಹೋದ್ರು. ನಾ ಅಡ್ಡ ಮಲಗಿದೆ, ಕೇಳ್ಲಿಲ್ಲ. ಯಾರೋ ಹೇಳಿಕೊಟ್ಟವ್ರೆ.” ಅಳುತ್ತಿದ್ದ. ನಿಜವಾದ ಕಣ್ಣೀರು, ನಾನೇ ನೋಡಿದ್ದೇನೆ. ಮಾವನೇ ಹಟ ಮಾಡಿ, “ಬರ್ರಿ ಭಾವ, ಕಣ್ಣಾರೆ ನೋಡ್ರಿ” ಎಂದು ಕರೆದುಕೊಂಡು ಹೋಗಿ ಆಳಿನ ಕೈಲಿ ಮಣ್ಣು ಕೆತ್ತಿಸಿ ಚಪ್ಪಡಿ ಸರಿಸಿದ. ಕೆಟ್ಟ ಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು ದೀಪ ಇಳಿಬಿಟ್ಟು ನೋಡಿದೆವು. ತಳದಲ್ಲಿ ಹುಲ್ಲು, ಹುಲ್ಲಿನ ಮೇಲೆ ಅಪ್ಪನ ಕಂಬಳಿ. ಮಡಿಕೆ ಕೆಡದ ಹಾಗೆ ನೀಟಾಗಿ ಹಾಸಿತ್ತು.

ಅಪ್ಪ ಆ ಕಂಬಳಿಯನ್ನೇ ನೋಡುತ್ತಿದ್ದ. “ಗೌಡ್ರೆ, ಬಳಕೊಂಡು ಹೋದೋರು ಕಂಬಳಿ ಮಡಚಿ ಇಟ್ಟು ಹೋದ್ರಾ?”

ಮಾವ ಬಾಯಿ ತೆರೆಯುವ ಮುಂಚೆ ಅವ್ವನೇ ಗಂಡನ ಮೇಲೆ ರೇಗಿದಳು. “ಅಣ್ಣ ಹಾಸಿರ್ತಾನೆ. ಗದ್ದಿಗೆ ಕಂಬಳಿ ಬೀದಿಗೆ ಬೀಳಬಾರ್ದು ಅಂತ. ಅಷ್ಟೂ ತಿಳಿಯಾಕಿಲ್ವಾ ನಿಮಗೆ?” ಮಾವ ತಲೆ ತಗ್ಗಿಸಿ ಹೂಂಗುಟ್ಟಿದ. ಈಗ ಯೋಚಿಸಿದರೆ ಹಲ್ಲು ಕಡಿಯುವಷ್ಟು ಕೋಪ ಬರುತ್ತದೆ. ಬರಿದಾದ ಹಗೇವಿಗೆ ಚಪ್ಪಡಿ ಯಾಕೆ, ಮಣ್ಣು ಮೆತ್ತಿದ್ದು ಯಾಕೆ? ಯಾರಿಗೆ ಬೇಕಾದರೂ ಹೊಳೆಯುವ ಮಾತು. ಆದರೆ ಕಂಬಳಿಗೆ ಕೊಟ್ಟ ಮರ್ಯಾದೆ ನೋಡಿ ಅವ್ವ ಕಾಳು ಹೋದದ್ದನ್ನೇ ಮರೆತಳು. ನಮ್ಮ ಜನ ಮೋಸ ಹೋಗುವುದು ಇಂಥ ಕಡೆಯೇ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಹೊರಡುವಾಗ ಮಾವ ಮನೆಯೊಳಗಿಂದ ಸ್ವಲ್ಪ ರಾಗಿ ತರಿಸಿ ಗಾಡಿಗೆ ಹಾಕಿಸಿದ. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಅತ್ತೆ ಆ ಸಲ ಮನೆಯಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ ಹೊನ್ನಾಳಿಗೆ ಹೋಗಿದ್ದಳು. ಇದ್ದಿದ್ದರೆ ಎಲ್ಲ ಆವತ್ತೇ ಗೊತ್ತಾಗಿಬಿಡುತ್ತಿತ್ತೋ ಏನೋ.

ಆ ರಾಗಿ ಇರುವಷ್ಟು ದಿನ ಅಜ್ಜಿ ಗಂಜಿ ಕುಡಿದಳು. ಮುಗಿದ ಮೇಲೆ ಮತ್ತೆ ಅದೇ ಮುಗ್ಗಲು ನುಚ್ಚು. ಮಹಾನವಮಿ ಹತ್ತಿರ ಬಂದಾಗ ಅವಳಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಉಣ್ಣೆ ನೂಲುವ ಕದಿರು ಮಾತ್ರ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಒಂದು ಮಧ್ಯಾಹ್ನ ಅವ್ವನನ್ನು ಹತ್ತಿರ ಕರೆದು ಹೇಳಿದಳು, “ನಿನ್ನ ತವರನ್ನ ಭಾಳ ಆಡ್ಕಂಡೆ ಕಣೇ. ಪಾಪ, ಸರ್ಕಾರ ಬಂದ್ರೆ ನಿಮ್ಮಣ್ಣ ಏನ್ ಮಾಡಾಕೆ ಆಗ್ತಿತ್ತು? ಅವನ ಮನೆ ಚೆನ್ನಾಗಿರ್ಲಿ.” ಹುಟ್ಟಿದಾಗಿನಿಂದ ಯಾರನ್ನೂ ಹರಸದವಳು ಕೊನೆಗೆ ಹರಸಿದ್ದು ಅವನೊಬ್ಬನನ್ನು. ಹಬ್ಬ ನೋಡಲಿಲ್ಲ, ಹೋಗಿಬಿಟ್ಟಳು. ರಾಗಿ ಇದ್ದಿದ್ದರೆ ಬದುಕುತ್ತಿದ್ದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಹಸಿದು ಸತ್ತಳು ಎಂದು ಹೇಳಬಲ್ಲೆ.

ಆ ಚಳಿಗಾಲ ನಾವು ಮತ್ತೆ ಮಾವನ ಹೊಲಕ್ಕೆ ಹೋದೆವು. ನಗಬೇಡಿ. ‘ಅಣ್ಣನಿಗೂ ನಷ್ಟ ಆಗೈತೆ’ ಎಂದು ಅವ್ವ ಅಪ್ಪನನ್ನು ಒಪ್ಪಿಸಿ, ಅವನ ಹೊಲದಲ್ಲಿ ಕೆಲವು ದಿನ ಹೆಚ್ಚಿಗೆ, ಏನೂ ತೆಗೆದುಕೊಳ್ಳದೆ ಮಂದೆ ನಿಲ್ಲಿಸಿದಳು. ಮಾವ ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡ. ಸಂಜೆ ಮತ್ತೆ ಗೆರೆ ಎಳೆದು ಯುದ್ಧ ಬರೆದ. ಈಗ ಹಿಕ್ಕೆ ಹಿಂದಕ್ಕೆ, ಹುಣಸೆ ಬೀಜ ಮುಂದಕ್ಕೆ. ಅಜ್ಜಿ ಸತ್ತ ದುಃಖದಲ್ಲಿದ್ದ ನನಗೆ ಬೀಜ ಸರಿಸುವುದರಲ್ಲಿ ಮನಸ್ಸಿರಲಿಲ್ಲ. “ಇನ್ನೇನು ಮುಗೀತು ಬಿಡೇ, ಗೆದ್ದವ್ರು ನಾವೇ” ಎಂದು ನನ್ನ ತಲೆ ಸವರಿದ. ಆ ‘ನಾವು’ ಯಾರು ಎಂದು ಆಗ ಕೇಳಲು ನನಗೆ ತೋಚಲಿಲ್ಲ.

ಜರ್ಮನಿ ಸೋತದ್ದೂ ಜಪಾನು ಸೋತದ್ದೂ ನಾವು ಊರಲ್ಲಿದ್ದಾಗಲೇ ನಡೆದುಹೋಯಿತು. ಜಗಳೂರಿನ ಶಾಲೆಯ ಮಕ್ಕಳಿಗೆ ಪೆಪ್ಪರಮೆಂಟು ಹಂಚಿದರು. ಒಂದೇ ಒಂದು ಬಾಂಬಿಗೆ ಊರಿಗೆ ಊರೇ ಸುಟ್ಟುಹೋಯಿತಂತೆ ಎಂದು ಅಪ್ಪ ಸಂತೆಯಲ್ಲಿ ಕೇಳಿಕೊಂಡು ಬಂದ. ಕಂಬಳಿ ಸಾಹುಕಾರ ಎಲೆ ಅಡಿಕೆ ಕೊಡುವುದನ್ನು ನಿಲ್ಲಿಸಿದ್ದ. ಅವ್ವ ಅಜ್ಜಿಯ ಕದಿರನ್ನು ಸೂರಿನಿಂದ ತೆಗೆದು ಒರೆಸಿ ಮತ್ತೆ ಅಲ್ಲೇ ಸಿಕ್ಕಿಸಿದಳು. “ಇನ್ನಾದ್ರೂ ಅಣ್ಣನ ಮನೆ ಕಾಳು ನೆಮ್ಮದಿಯಾಗಿರ್ತೈತೆ” ಅಂದಳು.

ಯುದ್ಧ ಮುಗಿದ ಮೊದಲ ಸುಗ್ಗಿ. ಎಂದಿನಂತೆ ಹೊನ್ನಾಳಿ, ನ್ಯಾಮತಿ ಸುತ್ತಿಕೊಂಡು ಯುಗಾದಿಗೆ ಮುಂಚೆ ಮಾವನ ಮನೆಗೆ ಬಂದೆವು. ಅವತ್ತು ಜಗಲಿಯ ಮೇಲೆ ಮಾವನ ಸುತ್ತ ಊರಿನ ನಾಲ್ಕು ಜನ ಕೂತಿದ್ದರು. ಶಾಂತಿ ಬಂದದ್ದರ ಮಾತು ನಡೆದಿತ್ತು. ಅತ್ತೆ ಅವ್ವನನ್ನೂ ನನ್ನನ್ನೂ ಒಳಗೆ ಕರೆದಳು. ಹೋದ ಎರಡು ಸಲ ಅವಳು ಸಿಕ್ಕಿರಲಿಲ್ಲ, ಮಗಳ ಮನೆಯಲ್ಲೇ ಇದ್ದಳು. ಈ ಸಲ ಹೋಳಿಗೆ ಮಾಡಿದ್ದಳು. ಉಡಿ ತುಂಬುವ ತಟ್ಟೆಯಲ್ಲಿ ಕಣದ ಬದಲು ಒಂದು ಇಡೀ ಸೀರೆ ಇತ್ತು. ಬಟ್ಟೆಗೆ ಅಷ್ಟು ಹಾಹಾಕಾರವಿದ್ದ ಕಾಲದಲ್ಲಿ ಹೊಸ ಸೀರೆ.

“ಇದೆಲ್ಲ ಯಾಕೆ ಅತ್ತಿಗೆಮ್ಮ?” ಅಂದಳು ಅವ್ವ.

“ಸುಮ್ಕೆ ಕುಂದ್ರು ತಂಗ್ಯವ್ವ. ನೀ ಮಾಡಿದ್ದಕ್ಕೆ ಇದು ಯಾವ ಮೂಲೆಗೆ? ಆ ವರ್ಷ ನೀ ಹೂಂ ಅನ್ನದೆ ಇದ್ದಿದ್ರೆ ನಮ್ಮ ಎರಡು ಹಗೇವೂ ಹೋಗ್ತಿದ್ವು. ನನ್ನ ಮೊಮ್ಮಗ ಗಂಜಿ ಕುಡಿದು ಬೆಳೆದಿದ್ದು ನಿನ್ನ ಪುಣ್ಯದಿಂದ.”

ಅವ್ವನ ಕೈ ಸೆರಗಿನ ಮೇಲೆಯೇ ನಿಂತಿತು. “ನಾ ಯಾವುದಕ್ಕೆ ಹೂಂ ಅಂದೆ ಅತ್ತಿಗೆಮ್ಮ?”

ಅತ್ತೆ ನಕ್ಕಳು. ಅವಳ ನಗುವಿನಲ್ಲಿ ಕಪಟ ಇರಲಿಲ್ಲ, ಈಗಲೂ ಹೇಳುತ್ತೇನೆ. “ಮರೆತ್ಯಾ? ನಮ್ಮ ಪಾಲಿನ ಲೆವಿಗೆ ನಿಮ್ಮ ಹಗೇವು ತೆಗೆದು ಕೊಟ್ವಲ್ಲ. ಅವ್ರು ಹೇಳಿದ್ರು, ತಂಗ್ಯವ್ವನೇ ಅಂದ್ಳು, ಅಣ್ಣ, ನಂದು ಕೊಟ್ಟು ನಿನ್ನ ಮನೆ ಉಳಿಸ್ಕೋ, ನಮಗೆ ನಮ್ಮೂರಾಗೆ ಬೆಳೆ ಐತೆ ಅಂತ. ನಾ ಆವತ್ತೇ ದೇವರ ಮುಂದೆ ದೀಪ ಹಚ್ಚಿದೆ. ಒಡಹುಟ್ಟಿದೋರೂ ಹಿಂಗೆ ಮಾಡಲ್ಲ.”

ಒಲೆಯ ಮೇಲೆ ಏನೋ ಕುದಿಯುವ ಸದ್ದು. ಹೊರಗೆ ಜಗಲಿಯ ಮೇಲೆ ಮಾವನ ದನಿ, ಹೋಬಳಿಯಲ್ಲಿ ಮೊದಲು ಲೆವಿ ಕೊಟ್ಟವನು ತಾನೇ ಎಂದೂ, ಅಮಲ್ದಾರರು ಅದನ್ನು ಸಭೆಯಲ್ಲಿ ಹೇಳಿ ಕೈ ಕುಲುಕಿದರೆಂದೂ ಯಾರಿಗೋ ವಿವರಿಸುತ್ತಿತ್ತು. ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಅಡ್ಡ ಮಲಗಿದೆ ಅಂದಿದ್ದು, ಆ ಕಣ್ಣೀರು, ಆ ಕಂಬಳಿ. ತಾನೇ ಚಪ್ಪಡಿ ತೆಗೆಸಿ, ತಾನೇ ಅಳೆಸಿ ಕೊಟ್ಟು, ತಾನೇ ಕಂಬಳಿ ಮಡಚಿ ಹಾಸಿ, ಮಣ್ಣು ಮೆತ್ತಿಸಿ, ನಮ್ಮ ಗಾಡಿಗೆ ಕಾದು ಕೂತಿದ್ದ. ಹೆಂಡತಿಗೆ ಒಂದು ಸುಳ್ಳು, ನಮಗೆ ಒಂದು ಸುಳ್ಳು. ಎರಡೂ ಕಡೆ ಪ್ರೀತಿ ಗಿಟ್ಟಿಸಿದ್ದ. ಕದ್ದಿದ್ದರೆ ಕಳ್ಳ ಎಂದು ಬೈದು ಮರೆಯಬಹುದಿತ್ತು. ಅವನು ಅವ್ವ ಆಡದ ಮಾತನ್ನು ಅವ್ವನ ಬಾಯಲ್ಲಿ ಇಟ್ಟಿದ್ದ. ನಾನು ಎದ್ದು ಜಗಲಿಗೆ ಹೋಗಿ ಕಿರುಚಬೇಕೆಂದು ಹೊರಟೆ. ಅವ್ವ ನನ್ನ ಲಂಗ ಹಿಡಿದು ಕೂರಿಸಿದಳು.

“ಉಡಿ ತುಂಬು ಅತ್ತಿಗೆಮ್ಮ, ಹೊತ್ತಾಗ್ತೈತೆ” ಅಂದಳು.

ಅತ್ತೆ ತುಂಬಿದಳು. ಮುಂಚಿಗಿಂತ ಹೆಚ್ಚು ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ, ಮೇಲೆ ಆ ಸೀರೆ. ಕುಂಕುಮ ಇಟ್ಟಳು. ಅವ್ವ ಸೆರಗಿನ ಗಂಟು ಬಿಗಿದು ಎದ್ದಳು. ಅತ್ತೆ ಎಂದಿನಂತೆ ಮೊರ ಹಿಡಿದು ಹೊಸ್ತಿಲ ಹತ್ತಿರ ಹೋಗಿ ನಿಂತಳು. ಅವ್ವ ಅವಳನ್ನು ದಾಟಿ, ಹೊಸ್ತಿಲು ದಾಟಿ, ಜಗಲಿಗೆ ಬಂದಳು. ಅಲ್ಲಿ ಕೂತವರೆಲ್ಲ ದಾರಿ ಬಿಟ್ಟರು. ಮಾವ, “ಹೊರಟ್ಯಾ ತಂಗ್ಯವ್ವ?” ಎಂದು ಪೇಪರು ಮಡಚಿದ.

ಹಿಂದಿನಿಂದ ಅತ್ತೆ ಖಾಲಿ ಮೊರ ಹಿಡಿದುಕೊಂಡೇ ಓಡಿ ಬಂದಳು. “ಅಯ್ಯೋ ತಂಗ್ಯವ್ವ, ಮರೆತೇ ಹೋದ್ಯಲ್ಲೇ! ತವರಿಗೆ ಒಂದು ಹಿಡಿ ಇಟ್ಟು ಹೋಗಾಕಿಲ್ವಾ?”

ಅವ್ವ ಮೆಟ್ಟಿಲ ಮೇಲೆ ನಿಂತು ತಿರುಗಿದಳು. ಜಗಲಿಯ ಮೇಲಿದ್ದ ಎಲ್ಲರಿಗೂ ಕೇಳುವ ಹಾಗೆ, ಆದರೆ ಅತ್ತೆಗೆ ಮಾತ್ರ ಹೇಳಿದಳು. “ಮರೆತಿಲ್ಲವ್ವ. ನಾ ಯಾವತ್ತೋ ಇಟ್ಟಿದ್ದೀನಿ, ಒಂದು ಹಗೇವಿನ ತುಂಬ. ಅದಕ್ಕೆ ನಾ ಹೂಂ ಅಂದಿದ್ದೆ ಅಂಬೋದು ನನಗೆ ಇವತ್ತೇ ಗೊತ್ತಾಗಿದ್ದು.”

ಅವ್ವ ಇಳಿದು ಹೋದಳು. ನಾನು ಹಿಂದೆ ತಿರುಗಿ ನೋಡಿದೆ. ಮಾವ ಪೇಪರನ್ನು ಇನ್ನೂ ಸಣ್ಣದಾಗಿ ಮಡಚುತ್ತಿದ್ದ. ಅತ್ತೆ ಮೊರ ಹಿಡಿದುಕೊಂಡು ಅವನನ್ನೇ ನೋಡುತ್ತ ನಿಂತಿದ್ದಳು.